ಹಳೆಯ ಕೈಗಡಿಯಾರಗಳೂ ಅವುಗಳ ಪೋಷಕರೂ

ಹಳೆಯ ಕೈಗಡಿಯಾರಗಳನ್ನು ಕೂಡಿಡುವವರನ್ನು ಕಂಡು ನಗುವ ಗೃಹಸ್ಥರು ನಮ್ಮಲ್ಲಿ ಅನೇಕರುಂಟು. ದಿನಕ್ಕೊಮ್ಮೆ ಕೀಲಿ ಕೊಡದಿದ್ದರೆ ನಿಂತುಹೋಗುವ ಯಂತ್ರಕ್ಕಾಗಿ ಹಣವನ್ನೂ ಹೊತ್ತನ್ನೂ ವ್ಯಯಿಸುವುದು ಹುಚ್ಚೆಂದೇ ಅವರ ಮತ. ಆದರೆ ಈ ಹವ್ಯಾಸಿಗಳನ್ನು ಹತ್ತಿರದಿಂದ ಬಲ್ಲ ನಮಗೆ ಮತ್ತೊಂದು ಸಂಗತಿಯು ಗೋಚರವಾಗಿದೆ. ಅವರಲ್ಲಿ ಗಡಿಯಾರಕ್ಕೆ ಬೆಲೆಯುಂಟು. ಅದನ್ನು ಕುರಿತ ತಿಳಿವಳಿಕೆಯು ಮಾತ್ರ ಬೆಲೆಯಿಲ್ಲದೆ ಕೈಯಿಂದ ಕೈಗೆ ಸಾಗುತ್ತಿರುವುದು.

ನಮ್ಮ ನಾಡಿನ ನಿದರ್ಶನವನ್ನೇ ತೆಗೆದುಕೊಳ್ಳೋಣ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆಯು ಆರಂಭವಾಯಿತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ಮನೆಮಾತಾದುವು. ಕಾಂಚನ್ ಗಡಿಯಾರಕ್ಕಾಗಿ ಮುನಿಸಿಕೊಂಡ ಅಳಿಯಂದಿರ ಕಥೆಗಳನ್ನು ಹಿರಿಯ ವಾಚಕರು ಬಲ್ಲರು. 2016ರಲ್ಲಿ ಕೇಂದ್ರ ಸರ್ಕಾರವು ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಒಡನೆಯೇ ಹಳೆಯವುಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯ ಬೆನ್ನಿಗೆ ಮೋಸವೂ ಬಂದಿತು. ನಾಲ್ಕಾರು ಮುರುಕು ಗಡಿಯಾರಗಳ ಭಾಗಗಳನ್ನು ಜೋಡಿಸಿ, ಕಾರ್ಖಾನೆಯು ಎಂದೂ ಬಳಸದಿದ್ದ ಬಣ್ಣವನ್ನು ಡಯಲಿಗೆ ಹಚ್ಚಿ, ಅಪರೂಪದ್ದೆಂದು ಮಾರುವವರು ಇಂದು ಹೇರಳವಾಗಿರುವರು. ಹೊಸಬನಿಗೆ ಇದು ತಿಳಿಯುವ ಬಗೆಯೆಂತು?

ನಾವು ಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಭಾನುವಾರದ ಬೆಳಗೆಲ್ಲ ಇದನ್ನು ತಿಳಿಸುವುದೇ ಕೆಲಸ. ಡಯಲಿನ ಅಕ್ಷರಗಳ ಅಂಚು ಚೆದರಿದೆಯೇ, ನಿಮಿಷದ ಮುಳ್ಳು ಗೆರೆಯವರೆಗೆ ಮುಟ್ಟುವುದೇ, ಒಳಯಂತ್ರದ ಮೇಲೆ ತಯಾರಕರ ಗುರುತಿದೆಯೇ ಎಂಬುದನ್ನೆಲ್ಲ ಭೂತಗನ್ನಡಿಯನ್ನು ಕೈಗಿತ್ತು ತೋರಿಸುವರು. ಒಮ್ಮೆ ಯುವಕನೊಬ್ಬನು ತೀರಿಕೊಂಡ ತಂದೆಯ ಜನತಾ ಗಡಿಯಾರವನ್ನು ತಂದನು. ಅದು ಕೆಳಗೆ ಬಿದ್ದು ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿತ್ತು. ಒಳಯಂತ್ರವನ್ನೇ ತೆಗೆದು ಬ್ಯಾಟರಿಯದನ್ನು ಹಾಕಿಸೆಂದು ಅಂಗಡಿಯವನೊಬ್ಬನು ಹೇಳಿದ್ದನಂತೆ. “ಹಾಗೆ ಮಾಡಿದರೆ ನಿಮ್ಮ ತಂದೆಯವರದೆಂದು ಉಳಿಯುವುದು ಬರಿಯ ಡಬ್ಬಿಯಪ್ಪಾ” ಎಂದು ಉಪಾಧ್ಯಾಯರು ತಮ್ಮ ಸಂಗ್ರಹದ ಹಾಳಾದ ಗಡಿಯಾರದಿಂದ ಇಡೀ ಚಕ್ರವನ್ನೇ ಬಿಚ್ಚಿ, ಕಾಗದದಲ್ಲಿ ಸುತ್ತಿಕೊಟ್ಟು, ನಂಬಿಗಸ್ತ ರಿಪೇರಿಯವರಲ್ಲಿಗೆ ಕಳುಹಿಸಿದರು. ಹಣವನ್ನು ಮುಟ್ಟಲಿಲ್ಲ. ಡಯಲಿನ ಕಲೆಗಳನ್ನು ಅಳಿಸಿ ಹೊಸ ಬಣ್ಣ ಬಳಿಸಕೂಡದೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿದರು.

ಹೀಗೆ ಎಲ್ಲರಿಗೂ ಕಲಿಸಿದರೆ ಕೊಳ್ಳುವವರು ಹೆಚ್ಚಿ ಬೆಲೆಯೇರುವುದೆಂದು ಗೊಣಗುವ ಸಂಗ್ರಾಹಕರೂ ಉಂಟು. ಅದು ಸುಳ್ಳಲ್ಲ. ಉಪಾಧ್ಯಾಯರು ಬಹುಕಾಲ ಹುಡುಕುತ್ತಿದ್ದ ಪೈಲಟ್ ಒಂದನ್ನು ಅವರ ಶಿಷ್ಯನೇ ಮುಂಚಿತವಾಗಿ ಕೊಂಡುಬಿಟ್ಟನು! ಆದರೂ ಗುಟ್ಟು ಮಾಡುವವರ ಪಕ್ಷವನ್ನು ನಾವು ಹಿಡಿಯಲಾರೆವು. ಹೊಸ ಬಿಡಿಭಾಗಗಳು ಬರುವಂತಿಲ್ಲ. ಕೀಲಿಯ ಗಡಿಯಾರವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ವಿರಳವಾಗುತ್ತಿವೆ.

ಜನತಾ ತಂದಿದ್ದ ಯುವಕನು ಈಗ ಪ್ರತಿ ಭಾನುವಾರವೂ ಅಲ್ಲಿಗೆ ಬಂದು, ಚಿಮಟದಿಂದ ತಿರುಪು ಹಿಡಿಯುವುದನ್ನು ಅಭ್ಯಾಸಮಾಡುತ್ತಿರುವನು. ಇದುವರೆಗೆ ಮೂರು ತಿರುಪುಗಳು ನೆಲಕ್ಕೆ ಹಾರಿ ಕಣ್ಮರೆಯಾಗಿವೆಯೆಂದು ಉಪಾಧ್ಯಾಯರ ಪತ್ನಿಯವರು ನಮಗೆ ತಿಳಿಸಿದರು.