ಹಾಲಿಲ್ಲದ ಸೂಪಿಗೆ ಕೆನೆ ಬರಿಸುವ ಮಿಕ್ಸಿ

ನಾಗರಹೊಳೆ ನೋಡಲು ಹೊರಟವರಿಗೆ ವೀರನಹೊಸಹಳ್ಳಿ ಎಂದರೆ ಹುಣಸೂರು ಕಡೆಯ ಅರಣ್ಯ ಇಲಾಖೆ ಗೇಟು, ಅಷ್ಟೇ. ಆದರೆ ಈ ಸೀಮೆಯ ಹೊಲಗಳಲ್ಲಿ ಹೊಗೆಸೊಪ್ಪು, ಶುಂಠಿ, ಮುಸುಕಿನ ಜೋಳಗಳ ನಡುವೆ ರಾಗಿ ಇನ್ನೂ ಉಳಿದಿದೆ. ರಾಗಿ ಬಿತ್ತಿದ ಕಡೆ ಅಕ್ಕಡಿ ಸಾಲಿನಲ್ಲಿ ಅವರೆಯೂ ಇರುತ್ತದೆ. ನಾಟಿ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂಬಿಡುವ ಗಿಡ, ಆದ್ದರಿಂದ ಸೊಗಡಿನ ಕಾಯಿ ಕೈಗೆ ಸಿಗುವುದು ಚಳಿಗಾಲದಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ವರ್ಷವಿಡೀ ಕಾಯಿ ಬಿಡುತ್ತವೆ. ಅನುಕೂಲವೇನೋ ಹೌದು, ಆದರೆ ಸೊಗಡಿನ ಮಾತು ಬಂದಾಗ ನನ್ನ ಮತ ನಾಟಿ ಅವರೆಗೇ.

ಬಿಡಿಸಿದ ಕಾಳನ್ನು ನೆನೆಸಿ, ಬೆರಳಲ್ಲಿ ಹಿತಕಿ, ಸಿಪ್ಪೆ ತೆಗೆದ ಬೇಳೆಯಿಂದ ಹಾಲು, ಬೆಣ್ಣೆ, ಕ್ರೀಮು ಒಂದೂ ಇಲ್ಲದೆ ಕೆನೆಯಂಥ ಸೂಪು ಮಾಡಬಹುದು. ಹಾಲು ಒಗ್ಗದವರು, ಹಾಲನ್ನು ಬೇಕೆಂದೇ ಬಿಟ್ಟವರು ಇಬ್ಬರೂ ನಿಶ್ಚಿಂತೆಯಿಂದ ಕುಡಿಯಬಹುದಾದ ಸೂಪು. ಮಸ್ಸೊಪ್ಪು ತಿಂದು ಬೆಳೆದವರಿಗೆ ಇದು ತೀರಾ ಹೊಸದೂ ಅಲ್ಲ. ಅಲ್ಲಿ ಬೇಳೆ-ಸೊಪ್ಪನ್ನು ಮಸೆಯುವುದು ಕೈ, ಇಲ್ಲಿ ಮಿಕ್ಸಿ. ಆ ಮಿಕ್ಸಿಯ ಜಾರಿನೊಳಗೆ ಏನು ನಡೆಯುತ್ತದೆ ಎಂಬುದು ಸೂಪಿನಷ್ಟೇ ಸ್ವಾರಸ್ಯದ ಸಂಗತಿ.

ಮೊದಲು ನಾಲಿಗೆಯ ವಿಚಾರ. ಕೆನೆ ಎಂದು ನಾವು ಗುರುತಿಸುವುದು ರುಚಿಯನ್ನಲ್ಲ, ಬಹುಪಾಲು ಗಾತ್ರವನ್ನು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಸುಮಾರು 30 ಮೈಕ್ರಾನಿಗಿಂತ ದೊಡ್ಡದಾದ ಗಟ್ಟಿ ಕಣ ನಾಲಿಗೆಗೆ ತರಿತರಿಯಾಗಿ ಸಿಗುತ್ತದೆ. ಚಾಕೊಲೇಟ್ ಕಾರ್ಖಾನೆಗಳು ಕೋಕೋ ಮತ್ತು ಸಕ್ಕರೆಯನ್ನು ಅದಕ್ಕಿಂತ ಸಣ್ಣಗೆ ಅರೆಯುವುದು ಈ ಕಾರಣಕ್ಕೇ. ಹಾಲಿನ ಜಿಡ್ಡು ಕೆಲವೇ ಮೈಕ್ರಾನಿನ ಹನಿಗಳಾಗಿ ನೀರಿನಲ್ಲಿ ತೇಲುತ್ತಿರುವುದರಿಂದ ನುಣ್ಣಗೆ ಇಳಿಯುತ್ತದೆ. ಹಾಗಾದರೆ ಹಾಲೇ ಬೇಕೆಂದಿಲ್ಲ. ಸಣ್ಣ ಕಣ, ಸಣ್ಣ ಜಿಡ್ಡಿನ ಹನಿ, ತುಸು ಮಂದವಾದ ನೀರು, ಇವು ಮೂರೂ ಕೂಡಿದರೆ ನಾಲಿಗೆ ಒಪ್ಪುತ್ತದೆ.

ಬೇಳೆಯ ಜೀವಕೋಶಗಳು ಈ ಲೆಕ್ಕಕ್ಕೆ ದೊಡ್ಡವು, ಹಲವು ಹತ್ತು ಮೈಕ್ರಾನಿನವು. ಕೋಶ ಕೋಶಗಳ ನಡುವೆ ಅಂಟಿನಂತೆ ಹಿಡಿದಿರುವುದು ಪೆಕ್ಟಿನ್. ಬೇಯುವುದೆಂದರೆ ಈ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ಕೋಶ ಮಾತ್ರ ಒಡೆದಿರುವುದಿಲ್ಲ, ಒಳಗಿನ ಪಿಷ್ಟ ಉಬ್ಬಿಕೊಂಡು ಅಲ್ಲೇ ಉಳಿದಿರುತ್ತದೆ. ಕೈಯಲ್ಲಿ ಮಸೆದ ಬೇಳೆ ಬಾಯಿಗೆ ಹಿಟ್ಟುಹಿಟ್ಟಾಗಿ ತಾಗುವುದು ಇದರಿಂದ.

ಹುಣಸೂರು ಸೀಮೆ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡದಿಂದ ಅದು 120 ಡಿಗ್ರಿಯ ಹತ್ತಿರಕ್ಕೆ ಏರುವುದರಿಂದ ಪೆಕ್ಟಿನ್ ಬೇಗ ಬಿಡುತ್ತದೆ. ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ ಬೇಳೆ ಎಷ್ಟು ಹೊತ್ತಾದರೂ ಬೇಯದೆ ಸತಾಯಿಸುವುದುಂಟು. ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ಸಿಹಿನೀರು ತಂದು ಬೇಯಿಸುವುದು ಮೇಲು. ಹುಳಿಯೂ ಪೆಕ್ಟಿನ್ ಕರಗದಂತೆ ತಡೆಯುವುದರಿಂದ ಟೊಮ್ಯಾಟೊ, ಹುಣಸೆಹಣ್ಣು, ನಿಂಬೆರಸ ಏನೇ ಇದ್ದರೂ ಬೇಳೆ ಬೆಂದ ಮೇಲೆ. ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದದೆಯೇ ಇದನ್ನು ಪಾಲಿಸುತ್ತಿದ್ದರು.

ಈಗ ಮಿಕ್ಸಿಗೆ ಬರೋಣ. 1922ರಲ್ಲಿ ಅಮೆರಿಕದ ಸ್ಟೀಫನ್ ಪೊಪ್ಲಾವ್‌ಸ್ಕಿ ಜಾರಿನ ತಳದಲ್ಲಿ ತಿರುಗುವ ಬ್ಲೇಡು ಕೂರಿಸಿದ್ದು ಹಾಲಿನ ಪಾನೀಯ ಕಲಕಲೆಂದು. ಆ ಜಾತಿಯ ಯಂತ್ರಕ್ಕೆ ನಮ್ಮ ತೆಂಗಿನಕಾಯಿ, ಒಣಮೆಣಸಿನಕಾಯಿ, ನೆನೆದ ಬೇಳೆ ಭಾರವಾದವು. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಭಾರತದ ಅಡುಗೆಗೆಂದೇ ಗಟ್ಟಿ ಮೋಟಾರಿನ ‘ಸುಮೀತ್’ ಮಿಕ್ಸಿ ರೂಪಿಸಿದರು.

ಫ್ಯಾನಿನಲ್ಲಿರುವ ಮೋಟಾರು ಇಲ್ಲಿ ಕೆಲಸಕ್ಕೆ ಬಾರದು. ಅದರ ವೇಗ ಕರೆಂಟಿನ 50 ಹರ್ಟ್ಸ್‌ಗೆ ಕಟ್ಟುಬಿದ್ದದ್ದು, ನಿಮಿಷಕ್ಕೆ 3,000 ಸುತ್ತು ದಾಟಲಾರದು. ಮಿಕ್ಸಿಯಲ್ಲಿರುವ ‘ಯೂನಿವರ್ಸಲ್’ ಮೋಟಾರಿಗೆ ಆ ಕಟ್ಟಿಲ್ಲ. ಹೊರಗಿನ ಸುರುಳಿಗೂ ತಿರುಗುವ ಸುರುಳಿಗೂ ಒಂದೇ ಕರೆಂಟು ಸಾಲಾಗಿ ಹರಿಯುತ್ತದೆ, ತಿರುಗುವ ಭಾಗಕ್ಕೆ ಅದನ್ನು ಮುಟ್ಟಿಸುವುದು ಕಾರ್ಬನ್ ಬ್ರಷ್ಷುಗಳು. ಭಾರವಿಲ್ಲದಾಗ ಇದು ನಿಮಿಷಕ್ಕೆ 18,000 ಸುತ್ತಿನ ಸುಮಾರಿಗೆ ಹೋಗುತ್ತದೆ, ಭಾರ ಬಿದ್ದಂತೆ ವೇಗ ಇಳಿದು ತಿರುಚುವ ಬಲ ಹೆಚ್ಚುತ್ತದೆ. ಜಾರು ತುಂಬಿ ವೇಗ 10,000ಕ್ಕೆ ಇಳಿಯಿತೆನ್ನಿ. ಆರೂವರೆ ಸೆಂಟಿಮೀಟರ್ ಅಗಲದ ಬ್ಲೇಡಿನ ತುದಿ ಆಗಲೂ ಸೆಕೆಂಡಿಗೆ 34 ಮೀಟರ್, ಅಂದರೆ ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಬೇಳೆಗೆ ಬಡಿಯುತ್ತಿರುತ್ತದೆ.

ಬ್ಲೇಡು ಎಲ್ಲವನ್ನೂ ಕತ್ತರಿಸುತ್ತದೆ ಎಂದುಕೊಳ್ಳಬೇಡಿ. ಕೋಶಗಳನ್ನು ಹರಿಯುವುದು ಹೆಚ್ಚಾಗಿ ನೀರೇ. ಬ್ಲೇಡಿನ ಪಕ್ಕದ ನೀರು ಭಾರಿ ವೇಗದಲ್ಲಿ, ಸ್ವಲ್ಪ ಆಚೆಯದು ನಿಧಾನವಾಗಿ ಚಲಿಸುವಾಗ ನಡುವೆ ಸಿಕ್ಕ ಕೋಶ ಎರಡೂ ಕಡೆಯ ಎಳೆತಕ್ಕೆ ಹರಿದುಹೋಗುತ್ತದೆ. ಜಾರಿನ ಒಳಗೋಡೆಯಲ್ಲಿ ಉಬ್ಬುಪಟ್ಟಿಗಳಿರುವುದನ್ನು ನೋಡಿರುತ್ತೀರಿ. ಅವಿಲ್ಲದಿದ್ದರೆ ಸೂಪು ಪೂರ್ತಿ ಬ್ಲೇಡಿನ ಜೊತೆಗೇ ಸುತ್ತುತ್ತಿತ್ತು, ಎಳೆತವೇ ಹುಟ್ಟುತ್ತಿರಲಿಲ್ಲ. ಪಟ್ಟಿಗೆ ತಾಗಿದ ಸೂಪು ಗೋಡೆಯಲ್ಲಿ ಮೇಲೇರಿ, ನಡುವಿನ ಸುಳಿಗೆ ಬಿದ್ದು, ಮತ್ತೆ ಬ್ಲೇಡಿಗೆ ಬರುತ್ತದೆ.

ಸೂಪು ತೀರಾ ಗಟ್ಟಿಯಾದರೆ ಈ ಓಡಾಟ ನಿಂತು ಬ್ಲೇಡಿನ ಸುತ್ತ ಗಾಳಿಯ ಗೂಡು ಕಟ್ಟುತ್ತದೆ. ಭಾರ ತಪ್ಪಿದ ಮೋಟಾರು ಒಮ್ಮೆಲೇ ಕೀರಲು ದನಿ ತೆಗೆಯುತ್ತದೆ. ಆ ದನಿ ಕೇಳಿದ ಕೂಡಲೇ ಮಿಕ್ಸಿ ನಿಲ್ಲಿಸಿ ಅರ್ಧ ಲೋಟ ನೀರು ಹಾಕಬೇಕು. ಕಿವಿಗೊಟ್ಟು ಮಿಕ್ಸಿ ನಡೆಸುವುದು ಕಲಿಯತಕ್ಕ ವಿದ್ಯೆ.

ಪಿಷ್ಟ ಹೊರಬಂದು ನೀರು ಮಂದವಾಯಿತು. ಇನ್ನು ಜಿಡ್ಡು. ಒಂದು ಹಿಡಿ, ಸುಮಾರು 40 ಗ್ರಾಂ, ಕಡಲೆಕಾಯಿ ಬೀಜ ಸಾಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ. ಒಂದು ಲೀಟರ್ ಸೂಪಿನಲ್ಲಿ ಶೇಕಡಾ 2ರ ಹತ್ತಿರ, ಹಸುವಿನ ಹಾಲಿನ ಜಿಡ್ಡಿನ ಅರ್ಧಕ್ಕಿಂತ ತುಸು ಹೆಚ್ಚು. ಬೀಜದ ಎಣ್ಣೆ ಮೊದಲಿಂದಲೇ ಪ್ರೋಟೀನಿನ ತೆಳು ಹೊದಿಕೆಯಿರುವ ಸಣ್ಣ ಹನಿಗಳಾಗಿರುತ್ತದೆ, ಆದ್ದರಿಂದ ನೀರಿನಲ್ಲಿ ಹಾಲಿನಂತೆ ಬೆರೆಯುತ್ತದೆ. ಹುರಿದರೆ ಘಮ ಬರುತ್ತದೆ, ಹೊದಿಕೆ ಕೆಡುತ್ತದೆ. ಈ ಸೂಪಿಗೆ ಹುರಿಯದ ಬೀಜವನ್ನೇ ನೆನೆಸಿ, ಸಿಪ್ಪೆ ತೆಗೆದು, ಬೇಳೆಯ ಜೊತೆ ಕುಕ್ಕರಿಗೆ ಹಾಕಿ. ಹಸಿ ವಾಸನೆ ಅಲ್ಲೇ ಹೋಗುತ್ತದೆ. ಕಡಲೆಕಾಯಿಯ ಈ ಗುಣವನ್ನು ಮೈಸೂರಿಗರು ಚೆನ್ನಾಗಿ ಬಲ್ಲರು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಕಡಲೆಕಾಯಿ ಪ್ರೋಟೀನ್ ಬೆರೆಸಿ ಹಾಲಿನ ಪ್ರಮಾಣ ಹಿಗ್ಗಿಸುವ ‘ಮಿಲ್ಟೋನ್’ ರೂಪಿಸಿದ್ದರು. ಹಾಲು ಎಲ್ಲ ಮಕ್ಕಳಿಗೂ ಸಿಗದಿದ್ದ ಕಾಲದ ಕಳಕಳಿಯ ಕೆಲಸ ಅದು.

ನಾಲ್ಕು ಜನಕ್ಕೆ ಒಂದು ದೊಡ್ಡ ಲೋಟ ಹಿತಕಿದ ಬೇಳೆ, ಅಷ್ಟೇ ಸಿಹಿಗುಂಬಳದ ಹೋಳು, ಒಂದು ಈರುಳ್ಳಿ, ನಾಲ್ಕೆಸಳು ಬೆಳ್ಳುಳ್ಳಿ. ಕುಂಬಳ ತನ್ನ ಪೆಕ್ಟಿನ್ನನ್ನೂ ಬಣ್ಣವನ್ನೂ ಕೊಡುತ್ತದೆ. ಆಲೂಗಡ್ಡೆ ಬೇಡ, ಅದರ ಪಿಷ್ಟ ಮಿಕ್ಸಿಯಲ್ಲಿ ಗೋಂದಾಗುತ್ತದೆ. ಬೇಳೆಯ ಸಿಪ್ಪೆಯನ್ನು ಸೋಮಾರಿತನದಿಂದ ಬಿಟ್ಟರೆ ಎಷ್ಟು ರುಬ್ಬಿದರೂ ಚೂರು ಉಳಿಯುತ್ತದೆ.

ಬೆಂದದ್ದನ್ನು ಬಿಸಿಬಿಸಿಯಾಗಿ ಜಾರಿಗೆ ಸುರಿಯಲೇಬೇಡಿ. ಬ್ಲೇಡು ತಿರುಗಿದ ಕ್ಷಣ ಬಿಸಿ ಆವಿ ಒಮ್ಮೆಲೇ ಹಿಗ್ಗಿ ಮುಚ್ಚಳ ಎಗರಿಸುತ್ತದೆ, ಮುಖ ಸುಡುತ್ತದೆ. ಉಗುರುಬೆಚ್ಚಗಾಗುವವರೆಗೆ ಆರಿಸಿ, ಅರ್ಧ ಜಾರು ಮಾತ್ರ ತುಂಬಿ ಎರಡು ಸಲವಾಗಿ ರುಬ್ಬಿ. ನಡುವೆ ಮಿಕ್ಸಿ ತಾನಾಗಿ ನಿಂತರೆ ಕೆಟ್ಟಿತೆಂದು ಗಾಬರಿ ಬೇಡ. ಮೋಟಾರು ಸುಡದಿರಲೆಂದು ಕರೆಂಟು ಕಡಿದುಕೊಂಡಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಳದ ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ.

ರುಬ್ಬಿದ್ದನ್ನು ಸಣ್ಣ ಉರಿಯಲ್ಲಿ ಒಂದು ಕುದಿ ಬರಿಸಿ, ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಇಳಿಸಿ. ನಿಂಬೆರಸ ಬಟ್ಟಲಿಗೆ ಬಡಿಸಿದ ಮೇಲೆ. ಕುದಿಯುವಾಗ ಹುಳಿ ಬಿದ್ದರೆ ಕಡಲೆಕಾಯಿಯ ಪ್ರೋಟೀನೂ ಹಾಲಿನಂತೆಯೇ ಒಡೆಯುತ್ತದೆ. ಉಳಿದ ಸೂಪು ರಾತ್ರಿಯೊಳಗೆ ಗಟ್ಟಿಯಾಗುತ್ತದೆ, ಏಕೆಂದರೆ ತಣ್ಣಗಾದ ಪಿಷ್ಟ ಮತ್ತೆ ಹೆಣೆದುಕೊಳ್ಳುತ್ತದೆ. ಬಿಸಿನೀರು ಬೆರೆಸಿ ಕಾಯಿಸಿದರೆ ಸಡಿಲವಾಗುತ್ತದೆ. ನೀರು ಬೆರೆಸದೆ, ಸಾಸಿವೆ-ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ರಾಗಿಮುದ್ದೆಗೆ ಒಳ್ಳೆಯ ಸಾರು.