ಸಸಿಯ ಜತೆ ಬಂದ ಬಸವನಹುಳು ಯಾವುದು?

ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ, ಕಾಳುಮೆಣಸು, ಹೂಗಿಡಗಳ ಸಸಿ ತರುವ ಕೆಲಸ ಶುರುವಾಗುತ್ತದೆ. ಕೊಟ್ಟೆಯ ಮಣ್ಣಿನೊಳಗೆ ಬಸವನಹುಳುವೊಂದು ಕಂಡರೆ ಅದಕ್ಕೆ ಬೀಳುವುದು ಒಂದು ಹಿಡಿ ಉಪ್ಪು. ಹೆದರಿಕೆಗೆ ಕಾರಣವಿಲ್ಲವೆಂದಲ್ಲ. ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಆಫ್ರಿಕದ ದೈತ್ಯ ಬಸವನಹುಳು ದೇಶವೆಲ್ಲ ಹಬ್ಬಿ, ಕೊಡಗಿನ ಶನಿವಾರಸಂತೆ ಸುತ್ತಲ ಕಾಫಿ ತೋಟಗಳಲ್ಲೂ ಹಾವಳಿ ಎಬ್ಬಿಸಿದೆ. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಒಮ್ಮೆ ಕೂಡಿದರೆ ವೀರ್ಯವನ್ನು ತಿಂಗಳುಗಟ್ಟಲೆ ಕಾಪಿಟ್ಟು ಸಲಕ್ಕೆ ನೂರಕ್ಕೂ ಮೀರಿ ಮೊಟ್ಟೆ ಇಡಬಲ್ಲದು. ಆದರೆ ಪಶ್ಚಿಮ ಘಟ್ಟಕ್ಕೆ ತನ್ನದೇ ಆದ ಬಸವನಹುಳುಗಳು ಬೇಕಾದಷ್ಟಿವೆ. ಹೆಚ್ಚಿನವು ದರಗು, ಪಾಚಿ, ಬೂಷ್ಟು ತಿಂದು ಬದುಕುವಂಥವು. ಕೆಲವೇ ಮಿಲಿಮೀಟರ್ ಉದ್ದದ ಸ್ಟ್ರೆಪ್ಟಾಕ್ಸಿಡ್ ಗುಂಪಿನವಂತೂ ಬೇರೆ ಬಸವನಹುಳುಗಳನ್ನೇ ಬೇಟೆಯಾಡುತ್ತವೆ. ಕರೆಯದೆ ಬಂದದ್ದೆಲ್ಲ ಕಳ್ಳನಲ್ಲ.

ಗುರುತಿಸುವುದು ಕಷ್ಟವೇನಲ್ಲ. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಕೈಗವಸು ಇರಲಿ, ಇಲಿಯ ಶ್ವಾಸಕೋಶದ ಜಂತು ಇವುಗಳ ಮೈಯಲ್ಲಿರಬಹುದು. ಬಾಯಿ ಎಡಕ್ಕಿದ್ದರೆ ಅದು ಬಹುಮಟ್ಟಿಗೆ ನಮ್ಮ ಏರಿಯೊಫ್ಯಾಂಟಾ ಕುಲದ್ದು. ಆಫ್ರಿಕದ್ದರ ಬಾಯಿ ಬಲಕ್ಕೆ. ಹುಳು ಒಳಸೇರಿದಾಗ ಗುಂಡನೆಯ ಗಟ್ಟಿ ಮುಚ್ಚಳ ಬಾಗಿಲು ಹಾಕಿತೋ, ಅದು ಸೈಕ್ಲೊಫೊರಸ್‌ನಂಥ ಸ್ಥಳೀಯ ಹುಳು. ಆಫ್ರಿಕದ್ದಕ್ಕೆ ಅಂಥ ಮುಚ್ಚಳವಿಲ್ಲ, ಬೇಸಿಗೆಯಲ್ಲಿ ಲೋಳೆ ಒಣಗಿದ ಪೊರೆ ಮಾತ್ರ. ಅದರ ಚಿಪ್ಪು ಉದ್ದನೆಯ ಶಂಕು, ಮೇಲೆ ಕಂದು ಪಟ್ಟೆ. ಬಾಯಿಯೊಳಗಿನ ನಡುಗಂಬ ಬುಡದಲ್ಲಿ ಕತ್ತರಿಸಿದಂತೆ ಥಟ್ಟನೆ ಮುಗಿಯುತ್ತದೆ. ಮರಿಯಲ್ಲೂ ಭೂತಗನ್ನಡಿಗೆ ಇದು ಕಾಣುತ್ತದೆ.

ಮರಿಗಳಲ್ಲಿ ಮೋಸ ಹೋಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ನಮ್ಮ ಗ್ಲೆಸ್ಸುಲಾಕ್ಕೂ ಹಾಗೆಯೇ ಕತ್ತರಿಸಿದ ಕಂಬವಿದೆ. ಅದು ಸಾಮಾನ್ಯವಾಗಿ ಪಟ್ಟೆಯಿಲ್ಲದ, ಹೊಳೆಯುವ ಕಂದು ಚಿಪ್ಪಿನ ಸಣ್ಣ ಹುಳು. ಆದರೂ ಅನುಮಾನ ಉಳಿದರೆ ಸಸಿಯನ್ನು ತೋಟಕ್ಕಿಳಿಸದೆ ಬೇರೆಯಾಗಿಟ್ಟು ಕಾಯುವುದೇ ಸರಿ. ಅದಕ್ಕಿಂತ ಎಲ್ಲವನ್ನೂ ಕೊಂದರಾಯಿತಲ್ಲ ಎನ್ನುವವರಿದ್ದಾರೆ. ಕಡಲ ಹವಳದ ಅಕ್ವೇರಿಯಂ ಇಡುವವರೂ ಇದೇ ಮಾತಾಡುತ್ತಾರೆ. ಕಲ್ಲಿನ ಜತೆ ಬಂದು ಗಾಜಿಗೆ ಅಂಟುವ, ತೋಳುಗಳು ಒಂದೇ ಅಳತೆಯಿಲ್ಲದ ಪುಟ್ಟ ಆಸ್ಟೆರಿನಾ ನಕ್ಷತ್ರಮೀನನ್ನು ಕಂಡಕೂಡಲೇ ಕಿತ್ತೆಸೆಯುತ್ತಾರೆ. ಅವುಗಳಲ್ಲಿ ಹವಳ ಮೇಯುವವು ಕೆಲವು ಮಾತ್ರ; ಉಳಿದವು ಪಾಚಿಯ ಪದರ ಕೆರೆದು ತಿನ್ನುತ್ತವೆ. ಹವಳದ ಮೇಲೆ ಕೂತಿದೆಯೆಂಬುದಷ್ಟೇ ಸಾಕ್ಷಿಯಲ್ಲ. ಎಲೆ ಮೇಲಿನ ಹುಳುವಿಗೂ ಇದು ಸಲ್ಲುತ್ತದೆ: ಅದು ಎಲೆ ಕಡಿದಿದೆಯೋ, ಎಲೆ ಮೇಲಿನ ಬೂಷ್ಟು ನೆಕ್ಕಿದೆಯೋ ನೋಡಬೇಕು. ಸ್ಥಳೀಯವೆಲ್ಲ ಸಾಧುವೂ ಅಲ್ಲ, ಚಿಪ್ಪಿಲ್ಲದ ಕೆಲವು ಎಳೆ ಸಸಿ ಮೇಯುತ್ತವೆ. ನೋಡದೆ ಹೊಡೆದರೆ ಏನಾಗುತ್ತದೆಂಬುದಕ್ಕೆ ಪೆಸಿಫಿಕ್‌ನ ಮೊರೇಯಾ ದ್ವೀಪವಿದೆ. ಆಫ್ರಿಕದ ಹುಳುವನ್ನು ತಿನ್ನಲೆಂದು 1977ರಲ್ಲಿ ಅಲ್ಲಿಗೆ ಬಿಟ್ಟ ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳು, ಹತ್ತೇ ವರ್ಷದಲ್ಲಿ ಆ ದ್ವೀಪದ್ದೇ ಆದ ಪಾರ್ಟುಲಾ ಹುಳುಗಳನ್ನು ಕಾಡಿನಿಂದ ಅಳಿಸಿಹಾಕಿತು.

ಉಪ್ಪಿನಿಂದ ಸಸಿಯ ಬೇರೂ ಸುಡುತ್ತದೆ. ಅದಿರಲಿ, ಕಣ್ಣಿಗೆ ಬಿದ್ದ ಹುಳು ಸತ್ತರೂ ಕೊಟ್ಟೆಯ ಮಣ್ಣಿನಲ್ಲಿ ಸಾಸಿವೆಗಿಂತ ದೊಡ್ಡ, ಕೆನೆಬಣ್ಣದ ಮೊಟ್ಟೆಗಳು ಉಳಿದಿರಬಹುದು. ನೆಡುವ ಮೊದಲು ಮಣ್ಣನ್ನು ಬಿಡಿಸಿ ನೋಡಿ. ಅರ್ಧ ಸೆಂಟಿಮೀಟರ್ ಗಾತ್ರದ ಅಂಥ ಮೊಟ್ಟೆಗಳ ಗೊಂಚಲು ಸಿಕ್ಕಿದರೆ ಕುದಿಯುವ ನೀರಿಗೆ ಹಾಕಿ.