ಮೊದಲು ಊಟ, ಆಮೇಲೆ ಲೆಕ್ಕ

ಇಂಗ್ಲೆಂಡಿನ ಪಬ್ಬುಗಳಲ್ಲಿ ಗಿರಾಕಿಯು ಕೌಂಟರಿಗೆ ಹೋಗಿ, ಬೇಕಾದುದನ್ನು ಹೇಳಿ, ಹಣ ತೆತ್ತು ಕುಳಿತುಕೊಳ್ಳುವುದು ವಾಡಿಕೆ. ನಮ್ಮ ಖಾನಾವಳಿಯ ಪದ್ಧತಿಯೇ ಬೇರೆ: ಮೊದಲು ಊಟ, ಆಮೇಲೆ ಲೆಕ್ಕ.

ಇಚಲಕರಂಜಿಯಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗವನ್ನು ಹೂಡಿದುದು 1904ರಲ್ಲಿ. ಮಗ್ಗಗಳು ಹೆಚ್ಚಿದಂತೆ, ಮನೆಮಂದಿಯನ್ನು ಬಿಟ್ಟು ದುಡಿಯಲು ಬಂದವರಿಗೆ ಖಾನಾವಳಿಯೇ ಅಡುಗೆಮನೆಯಾಯಿತು. ಪಾಳಿ ಮುಗಿಸಿ ಬಂದವನ ತಾಟಿಗೆ ಬಿಸಿ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ. “ಇನ್ನೊಂದ್ ರೊಟ್ಟಿ ಹಾಕ್ಲೇನ್ರೀ?” ಎಂಬ ಮಾತು ಕಿವಿಗೆ ಬಿದ್ದರೆ ಅರ್ಧ ದಣಿವು ಅಲ್ಲಿಯೇ ಇಳಿಯುವುದು.

ಆದರೆ ತಿಂಗಳ ಲೆಕ್ಕವು ನಂಬಿಕೆಯ ಮೇಲೆ ನಿಂತದ್ದು. ಮಗ್ಗ ನಿಂತರೆ ಪಗಾರ ನಿಲ್ಲುವುದು. ಬಾಕಿ ಬೆಳೆದರೆ ಖಾನಾವಳಿಯ ಒಲೆಯೂ ಆರುವುದು. ರುಚಿಯನ್ನು ಹೊಗಳಿದರಷ್ಟೇ ಸಾಲದು. ಊರು ಬಿಡುವ ಮುನ್ನ ಬಾಕಿ ತೀರಿಸಿದವನೇ ನಾಳೆ ಬರುವ ಇನ್ನೊಬ್ಬ ಹಸಿದವನಿಗೆ ತಾಟು ಇರಿಸಿ ಹೋದವನು.